ಅಕ್ತರಬೀಯ ಎರಡನೇ ಪರೀಕ್ಷೆ

"ಮೊದಲು ನೀರು ಕುಡೀರಿ, ಖಾಲಾ," ಅಂದೆ.

ಅಕ್ತರಬೀ ನಾನು ಹಿಡಿದ ತಂಬಿಗೆಯನ್ನು ನೋಡಿದಳು, ಆಮೇಲೆ ನನ್ನನ್ನು. "ನನ್ನ ಮನಿ ಕಟ್ಟಿ ಮ್ಯಾಲ ಕೂತು, ನನ್ನ ತಂಬಿಗಿಲಿಂದ ನನಗೇ ನೀರು ಕುಡಸ್ತಿ. ಇದೂ ನಿಮ್ಮ ಡಾಕ್ಟರನ ಪರೀಕ್ಷಾದಾಗ ಬರ್ತದೇನು?"

"ಬರಬೇಕಾಗಿತ್ರಿ. ಹೋದ ಸಲ ನಾ ಮರ್ತೆ."

ಮರೆತಿರಲಿಲ್ಲ. ಹೋದ ತಿಂಗಳು ಜನವಾಡದ ಇದೇ ಕಟ್ಟೆಯ ಮೇಲೆ, ರಮಜಾನಿನ ಉಪವಾಸಕ್ಕೆ ಒಣಗಿ ಬಿರಿದಿದ್ದ ಆಕೆಯ ತುಟಿಯನ್ನು ನೋಡುತ್ತಲೇ, ಹತ್ತಕ್ಕೆ ಎರಡು ಅಂಕ ಹಾಕಿ, 'ನೆನಪು ನಂಬುವಂಥದ್ದಲ್ಲ' ಎಂದು ಬರೆದು ಸಹಿ ಮಾಡಿದವಳು ನಾನು. ದವಾಖಾನೆಯಿಂದ ತರಿಸಿಕೊಂಡ ಆ ಕಾಗದ ತೋರಿಸಿಯೇ ಪೋಲೀಸರು ಆಕೆಯ ಸಾಕ್ಷಿಯನ್ನು ಬದಿಗೆ ಸರಿಸಿದ್ದರು. ಆ ಕಾಗದದಿಂದಲೇ ಗಾಡಿ ಹೊಡೆಯುವ ಬಸವಣ್ಣೆಪ್ಪ, ಐದು ವರ್ಷದ ಹಿಂದೆ ತನ್ನ ಗಾಡಿ ಹತ್ತಿ ಕಾಣೆಯಾದ ಕುತುಬೋದ್ದೀನ ಮಾಸ್ತರರನ್ನು ಕೊಂದ ಆರೋಪ ಹೊತ್ತು ಬೀದರ ಜೇಲಿನಲ್ಲಿ ಕೂತಿದ್ದ. ನಾಳೆ ಹನ್ನೊಂದಕ್ಕೆ ಕೋರ್ಟಿನಲ್ಲಿ ಅವನ ಪೇಶಿ.

ಅಕ್ತರಬೀ ನೀರು ಕುಡಿದಳು. ಸೆರಗಿನಿಂದ ಬಾಯಿ ಒರೆಸಿಕೊಂಡಳು. ಅರ್ಧ ಹೊಲಿದ ಕೌದಿಯನ್ನು ತೊಡೆಯ ಮೇಲೆ ಎಳೆದುಕೊಂಡು ಸೂಜಿಯನ್ನೂ ದಾರವನ್ನೂ ನನ್ನ ಮುಂದೆ ಚಾಚಿದಳು. "ಇದನ್ನ ಪೋಣಸಿ ಕೊಡು. ಆಮ್ಯಾಲ ಕೇಳು."

ಪೋಣಿಸಿದೆ. ಮೂರು ಸಲ ತಪ್ಪಿತು.

"ನಿನ್ನ ವಯಸ್ಸೇ ಜಾಸ್ತಿ ಆದಂಗ ಕಾಣ್ತದ ನೋಡು," ಅಂದಳು.

ಡಾಕ್ಟರ್ ವೈಜಿನಾಥ ಅವರು ಬೀದರ, ಭಾಲ್ಕಿ, ಔರಾದ ಮೂರೂ ತಾಲೂಕಿನಲ್ಲಿ ಅರವತ್ತು ದಾಟಿದವರ ಕಣ್ಣು, ಕಿವಿ, ಮುಷ್ಟಿಯ ಬಲ, ನಡಿಗೆ, ನೆನಪು ಅಳೆಯುತ್ತಿದ್ದಾರೆ. ನಾನು ಅವರಿಗೆ ಬರೆದುಕೊಡುವವಳು. ನೌಕರಿಗೆ ಸೇರಿದ ದಿನ ಅವರು ಹೇಳಿದ್ದು ಇನ್ನೂ ಕಿವಿಯಲ್ಲಿದೆ. "ಮುಪ್ಪು ಅಂದ್ರ ಒಂದೇ ರೋಗ ಅಲ್ಲ, ಶಿವಕಾಂತಾಬಾಯಿ. ವಯಸ್ಸು ಏನು ಒಯ್ದದ, ಹಸಿವು ಏನು ಒಯ್ದದ, ನೀರಡಿಕಿ ಏನು ಒಯ್ದದ, ಬ್ಯಾರೆ ಬ್ಯಾರೆ ಬರೀಬೇಕು. ಎಲ್ಲಾ ಕೂಡಿಸಿ ಅರಳು ಮರಳು ಅನ್ನಾಕ ನಾವ್ಯಾಕ ಬೇಕು?"

ಅದನ್ನು ಕೇಳಿ ತಲೆಯಾಡಿಸಿದವಳೂ ನಾನೇ.

"ಖಾಲಾ, ಹತ್ತು ಹೆಸರು ಹೇಳ್ತೇನಿ. ಆಮ್ಯಾಲ ಬ್ಯಾರೆ ಮಾತಾಡೂಣು. ಅದಾದ ಮ್ಯಾಲ ಹತ್ತೂ ನೀವು ತಿರುಗಿ ಹೇಳಬೇಕು."

"ಗೊತ್ತದ. ಹೋದ ಸಲ ಎರಡೇ ಹೇಳಿದ್ದೆ. ನಾಲಿಗಿ ಅಂಗುಳಕ್ಕ ಹತ್ತಿತ್ತು."

ಹೇಳಿದೆ. ಕೀಲಿ, ಜೋಳ, ಕುದುರೆ, ದೀಪ, ಸೀರೆ, ಮಳೆ, ಚಾಕು, ಹಾಲು, ಹಗ್ಗ, ಕನ್ನಡಿ. ಆಮೇಲೆ ಇದು ಯಾವ ತಿಂಗಳು ಎಂದು ಕೇಳಿದೆ.

"ಅಮರ್ದಾದ. ಹದಿಮೂರನೇ ತಾರೀಖು. ಸನ್ ತೇರಾಸೌ ಬಾಸಟ್. ಇವತ್ತ ಜುಮ್ಮೇರಾತ."

ಗುರುವಾರ ಹೌದು. ನನ್ನ ಕಾಗದದಲ್ಲಿ ೧೯೫೩, ಜೂನ್ ಹದಿನೆಂಟು. ಆಕೆ ಹೇಳಿದ ೧೩೬೨ ನಿಜಾಮರ ಕಾಲದ ಫಸಲಿ ಲೆಕ್ಕ. ಈ ಸೀಮೆಯಲ್ಲಿ ನೂರು ವರ್ಷ ಕಂದಾಯ ಕಟ್ಟಿದ್ದು, ಸಾಲೆಗೆ ಹೆಸರು ಹಚ್ಚಿದ್ದು ಅದೇ ಲೆಕ್ಕದಲ್ಲಿ. ನನ್ನ ಸಾಲೆಯ ಮೊದಲ ಸರ್ಟಿಫಿಕೇಟಿನ ಮೇಲೂ ಅದೇ ತಿಂಗಳುಗಳಿವೆ. ಹೋದ ಸಲ ಆಕೆ 'ತೀರ್' ತಿಂಗಳು ಅಂದಾಗ ಅದು ಸರಿ ಎಂದು ನನಗೆ ಗೊತ್ತಿತ್ತು. ಆದರೆ ಅಚ್ಚಾಗಿ ಬಂದ ನಮೂನೆಯ ಅಡಿಯಲ್ಲಿ, ಈಗಿನ ಸರಕಾರಿ ತಾರೀಖು ಹೇಳಿದರಷ್ಟೇ ಸರಿ ಎಂದು ಬರೆದಿತ್ತು. ಡಾಕ್ಟರರನ್ನು ಕೇಳಬಹುದಿತ್ತು. ಎರಡು ಸಲ ಅವರ ಕೋಣೆಯ ಬಾಗಿಲತನಕ ಹೋಗಿ ತಿರುಗಿ ಬಂದೆ. ತಪ್ಪು ಅಂತ ಗೆರೆ ಎಳೆದೆ.

ಈ ಸಲ ಸರಿ ಅಂತ ಬರೆದೆ. ಪಕ್ಕದಲ್ಲಿ ಯಾಕೆ ಸರಿ ಎಂಬುದನ್ನೂ ಬರೆದೆ.

"ವಯಸ್ಸೆಷ್ಟು ಅಂತ ಕೇಳೂದಿಲ್ಲೇನು?"

"ಹೈದರಾಬಾದಿನಾಗ ಮೂಸಿ ಹೊಳಿ ತುಗ್ಯಾನಿ ಬಂದು ಊರು ಮುಣಗಿದ ವರ್ಷ ಎರಡನೇ ಕೂಸು ಕಂಕುಳಾಗಿತ್ತು ಅಂದಿದ್ರಿ. ಹೊಳಿ ಬಂದು ನಲವತ್ತೈದು ವರ್ಷ. ಅರವತ್ತಾರು ಅಂತ ಬರ್ಕೊಂಡೇನಿ."

"ಅರವತ್ತೈದು ಬರಿ. ಒಂದು ವರ್ಷ ಯಾಕ ಸುಮ್ಮ ಕೊಡ್ತಿ."

ನಕ್ಕೆ. ನಗಬಾರದಿತ್ತು ಅನಿಸಿತು. ದೂರದಲ್ಲಿ ಹೊಳೆಯ ಕಡೆಯಿಂದ ಧೂಳು ಎದ್ದಿತು. ಅಕ್ತರಬೀ ಕಣ್ಣು ಕಿರಿದು ಮಾಡದೆಯೇ ಹೇಳಿದಳು, "ಔರಾದ ಮೋಟಾರು. ಮುಂದಿನ ಸೀಟಿಗಿ ತಲಿಗಿ ಕೆಂಪು ಪಟಗಾ ಸುತ್ತಿದಾಂವ ಕೂತಾನ."

ನನಗೆ ಧೂಳಷ್ಟೇ ಕಂಡಿತ್ತು. ಮೋಟಾರು ಹತ್ತಿರ ಬಂದಾಗ ಮುಂದಿನ ಸೀಟಿನಲ್ಲಿ ಕೆಂಪು ಪಟಗಾ ಇತ್ತು. ಸೂಜಿ ಪೋಣಿಸಲು ಬಾರದ ಮುದುಕಿ ರಸ್ತೆಯಾಚೆಯ ಮನುಷ್ಯರನ್ನು ಹೇಗೆ ಕಂಡಳು ಎಂದು ಪೋಲೀಸರು ನಕ್ಕಿದ್ದರಂತೆ. ವಯಸ್ಸಾದ ಕಣ್ಣು ಹತ್ತಿರದ್ದನ್ನು ಬಿಟ್ಟುಕೊಡುತ್ತದೆ, ದೂರದ್ದನ್ನಲ್ಲ. ಇನ್ನೂರಾ ಹದಿನಾಲ್ಕು ಜನರನ್ನು ನೋಡಿದ ಮೇಲೆ ಇಷ್ಟಾದರೂ ನನಗೆ ಗೊತ್ತಿದೆ.

"ಆ ಹತ್ತು ಹೆಸರು ಹೇಳ್ರಿ, ಖಾಲಾ."

ಹೇಳಿದಳು. ಒಂಬತ್ತು. ಹಗ್ಗ ಒಂದು ಬಿಟ್ಟಳು. ನಾನು ನೋಡದೆ ಮನಸ್ಸಿನಲ್ಲೇ ಹೇಳಿಕೊಂಡೆ. ನನಗೆ ಎಂಟೇ ಬಂದವು.

ಪೆನ್ನು ಕೆಳಗಿಟ್ಟೆ. "ಈಗ ಮಾಸ್ತರರ ಮಾತು ಹೇಳ್ರಿ. ಪೋಲೀಸರ ಮುಂದ ಹೇಳಿದ್ದೇ ಹೇಳ್ರಿ."

ಅಕ್ತರಬೀ ಹೊಲಿಗೆ ನಿಲ್ಲಿಸಲಿಲ್ಲ.

"ಅವರು ಪೂರಾ ಎಲ್ಲಿ ಕೇಳಿದ್ರು? ಆಬಾನ ತಿಂಗಳು, ಸನ್ ಸತ್ತಾವನ್. ನೀವೆಲ್ಲಾ ಪೋಲೀಸ್ ಆಕ್ಷನ್ ಅಂತೀರಲ್ಲ, ಅದು. ಬೀದರಿಗಿ ಫೌಜು ಬಂದ ಮ್ಯಾಲಿನ ಸೋಮವಾರ. ನಮ್ಮವರನ್ನ ಹುಡುಕಿ ಹೊಡ್ಯಾಕ ಹತ್ತಿದ್ರು, ಯಾರೂ ಬಾಗಲಾ ತಗೀತಿರಲಿಲ್ಲ. ನಾ ಮಾತ್ರ ಕಟ್ಟಿ ಮ್ಯಾಲ ಕೂತಿದ್ದೆ. ಮಗ ಸುಭಾನ ಮನಿ ಬಿಟ್ಟು ಎರಡು ದಿನ ಆಗಿತ್ತು, ಅವನ ದಾರಿ ನೋಡ್ತಿದ್ದೆ. ಬಸವಣ್ಣೆಪ್ಪನ ಗಾಡಿ ಬಂತು. ಗಾಡಿಯಾಗ ಜೋಳದ ಕಣಕಿ, ಕಣಕಿ ಒಳಗ ಅಡಗಿ ಕೂತ ಕುತುಬೋದ್ದೀನ ಮಾಸ್ತರ. ಎತ್ತಿಗಿ ನೀರು ಕುಡಸಾಕ ನಿಂತ್ರು."

"ಆಮ್ಯಾಲ?"

"ಬೀದರ ಕಡಿಂದ ಟಾಂಗಾ ಬಂತು. ಇಳದಾಂವ ಮಾಸ್ತರನ ಕೈ ಹಿಡದ. ಮಾಸ್ತರ ಅಳಕೋತ ನಕ್ಕ. ತನ್ನ ತಗಡಿನ ಟ್ರಂಕು ಟಾಂಗಾದಾಗ ಇಟ್ಟ. ಬಸವಣ್ಣೆಪ್ಪಗ, ನೀ ಹೊಳ್ಳಿ ಹೋಗು, ನನ್ನ ದೋಸ್ತ ಬಂದಾನ ಅಂದ. ಟಾಂಗಾ ಭಾಲ್ಕಿ ದಾರಿ ಹಿಡೀತು. ಖಾಲಿ ಗಾಡಿ ಔರಾದಕ್ಕ ಹೋತು. ಇಷ್ಟೇ ನಾ ನೋಡಿದ್ದು."

"ಟಾಂಗಾದಾಗ ಬಂದಾಂವ ಯಾರು?"

"ಅದನ್ನ ಅವರು ಕೇಳಲೇ ಇಲ್ಲ. ಮುದುಕಿ ಬಡಬಡಸ್ತಾಳ ಅಂದ್ರು, ಎದ್ದು ಹೋದ್ರು. ಬೀದರ ತಹಸೀಲಿನ ಪೇಶಕಾರ ಅಂವ. ಮಲ್ಲಿಕಾರ್ಜುನಪ್ಪ. ನಮ್ಮ ಹೊಲದ ಕಾಗದಕ್ಕ ಎರಡು ವರ್ಷ ನನ್ನ ಆ ಕಚೇರಿ ಬಿಸಿಲಾಗ ನಿಂದ್ರಸ್ಯಾನ. ಇವತ್ತ ಬಾ, ನಾಳಿ ಬಾ. ಅವನ ಮುಖ ನಾ ಕಬರಸ್ತಾನಕ್ಕ ಹೋದ್ರೂ ಮರಿಯೂದಿಲ್ಲ."

ಪೆನ್ನು ಉರುಳಿ ಕಟ್ಟೆಯ ಕೆಳಗೆ ಬಿತ್ತು. ಎತ್ತಿಕೊಳ್ಳಲು ಬಗ್ಗಿದೆ.

"ನಿಮ್ಮಪ್ಪ ಏನ್ ಮಾಡ್ತಾನ, ಬೇಟಿ?"

"ಪಿಂಚಣಿ ಆಗ್ಯಾದ್ರಿ."

"ಚಲೋ ಆತು. ಮನ್ಯಾಗ ಕೂತು ಉಣ್ಲಿ."

ನನ್ನ ಅಪ್ಪನ ಹೆಸರನ್ನು ಆಕೆ ಕೇಳಲಿಲ್ಲ. ನಾನು ಹೇಳಲಿಲ್ಲ. ಹೊಸ ಕಾಗದದ ಕೊನೆಗೆ, 'ಹತ್ತಕ್ಕೆ ಒಂಬತ್ತು, ನೆನಪು ಗಟ್ಟಿ, ಮೊದಲ ಪರೀಕ್ಷೆ ನನ್ನ ತಪ್ಪು' ಎಂದು ಬರೆದು ಸಹಿ ಹಾಕಿದೆ. ಅಕ್ಷರಗಳು ನನ್ನವು ಅನಿಸಲಿಲ್ಲ.

"ನಾಳೆ ಕೋರ್ಟಿಗಿ ಬರ್ತೀರೇನ್ರಿ?"

"ಆ ಕಾಗದ ನಿನ್ನ ಕೈಯಾಗಿದ್ರ ಬರ್ತೇನಿ. ಹುಚ್ಚಿ ಅಂತ ಕರಸ್ಕೊಳ್ಳಾಕ ಎರಡು ಸಲ ಮೋಟಾರು ಹತ್ತೂದಿಲ್ಲ."

* * *

ಮೋಟಾರು ನಿಲ್ಲುವ ಬೇವಿನ ಮರದ ಕೆಳಗೆ ಒಬ್ಬ ಹೆಂಗಸು ಕೂತಿದ್ದಳು. ಬಸವಣ್ಣೆಪ್ಪನ ಹೆಂಡತಿ ಈರಮ್ಮ. ಕೋರ್ಟಿನ ಮೆಟ್ಟಿಲ ಮೇಲೆ ಎರಡು ಸಲ ನೋಡಿದ್ದೆ, ಮಾತಾಡಿಸಿರಲಿಲ್ಲ. ತವರೂರಾದ ಮೆಹಕರಕ್ಕೆ ಹೋಗಿ ಮಕ್ಕಳನ್ನು ಬಿಟ್ಟು ಬಂದಿದ್ದಳು.

"ದವಾಖಾನಿ ಬಾಯಿ ಅಲ್ಲರಿ ನೀವು? ಮುದುಕರನ್ನ ನೋಡಾಕ ಬರೂರು?"

ತಲೆಯಾಡಿಸಿದೆ.

ಗಂಟು ಬಿಚ್ಚಿ ಅರ್ಧ ರೊಟ್ಟಿ, ಅದರ ಮೇಲೆ ಶೇಂಗಾ ಹಿಂಡಿ ಇಟ್ಟು ಕೊಟ್ಟಳು. "ತಿನ್ರಿ. ಮುಖ ಬಾಡ್ಯಾದ. ನಾ ಅಕ್ತರಬೀ ಕಾಲು ಬೀಳಾಕ ಬಂದೀನ್ರಿ. ನಾಳೆ ಬಂದು ಇನ್ನೊಮ್ಮೆ ಹೇಳಂತ. ಆಕೀದು ಬುದ್ಧಿ ಸರಿ ಇಲ್ಲಂತ ಬೀದರದಾಕಿ ಯಾರೋ ಹುಡುಗಿ ಬರದಾಳಂತ್ರಿ."

ರೊಟ್ಟಿ ಕೈಯಲ್ಲೇ ಉಳಿಯಿತು.

"ಸಿಟ್ಟು ಬರೂದಿಲ್ಲೇನು ಆಕೀ ಮ್ಯಾಲ?" ಅಂದೆ.

"ಬರ್ತದ್ರಿ. ಆದ್ರ ಆಕೀಗಿ ಒಳ್ಳೇದಾಗ್ಲಿ ಅಂತೇನಿ. ಶಾಪ ಹಾಕಿದ್ರ ಹೊಳ್ಳಿ ನನ್ನ ಗಂಡಗ ಬಡದೀತು ಅಂತ ಅಂಜಿಕಿ."

ಅದು ನಾನೇ ಎಂದು ಹೇಳಲು ಬಾಯಿ ತೆರೆದೆ. ಮೋಟಾರು ಬಂತು. ಮೋಟಾರು ಬಂದದ್ದಕ್ಕೆ ನನಗೆ ಸಮಾಧಾನವಾಯಿತು. ಆ ಸಮಾಧಾನಕ್ಕೆ ಈಗಲೂ ನಾಚಿಕೆಯಾಗುತ್ತದೆ.

ಕಿಟಕಿಯ ಬದಿ ಕೂತು ಜನವಾಡದಲ್ಲಿ ಪರೀಕ್ಷೆ ಮಾಡಬೇಕಾದವರ ಯಾದಿಯನ್ನು ಚೀಲದಿಂದ ತೆಗೆದೆ. ಏಳು ಹೆಸರು ಡಾಕ್ಟರರ ಕೈಯಿಂದ ಕನ್ನಡದಲ್ಲಿ. ಎಂಟನೆಯದು, ಅಕ್ತರಬೀ, ಉರ್ದುವಿನಲ್ಲಿ. ಊರ ಪಟವಾರಿ ಸೇರಿಸಿರಬೇಕು ಎಂದುಕೊಂಡು ಹೋದ ತಿಂಗಳು ಮುಂದೆ ಸರಿದಿದ್ದೆ. ಈಗ ನೋಡಿದೆ. ಬಲಕ್ಕೆ ವಾಲಿದ ಗೆರೆಗಳು, ಸಾಲಿನ ಕೊನೆಗೆ ಪೆನ್ನನ್ನು ಕೆಳಗೆಳೆದು ಬಿಡುವ ಚಾಳಿ. ಹತ್ತು ವರ್ಷ ನನ್ನ ಸಾಲೆಯ ಪುಸ್ತಕಗಳ ಮೇಲೆ ನನ್ನ ಹೆಸರು ಬರೆದ ಅಪ್ಪನ ಕೈ ಅದು.

ಒಂದು ನೆನಪಾದ ಮೇಲೆ ಉಳಿದವು ತಾವಾಗಿ ಬಂದವು. ಮೊದಲ ಪರೀಕ್ಷೆಯ ದಿನ ಮುಂಜಾನೆಯ ಮೋಟಾರಿಗೆ ಹೊರಟಿದ್ದ ನನ್ನನ್ನು ತಡೆದು, "ಮಧ್ಯಾಹ್ನ ಹೋಗು, ತಂಗಿ, ಮುಂಜಾನಿ ಹೊಲದಾಗಿರ್ತಾರ," ಎಂದಿದ್ದರು ಅಪ್ಪ. ಮೇ ತಿಂಗಳ ಬಿಸಿಲು, ರಮಜಾನು, ನಾಲ್ಕು ಗಂಟೆ. ಯಾವ ಉಪವಾಸದ ಮುದುಕಿ ಹತ್ತು ಹೆಸರು ಹೇಳಿಯಾಳು?

ಏಪ್ರಿಲಿನಲ್ಲಿ ಆ ನಮೂನೆಯನ್ನು ಮೊದಲು ಪ್ರಯೋಗ ಮಾಡಿದ್ದೇ ಅಪ್ಪನ ಮೇಲೆ. ಅರವತ್ತೆರಡರ ಅಪ್ಪ ಹತ್ತಕ್ಕೆ ಹತ್ತು ಹೇಳಿದ್ದರು. ತಿಂಗಳು ಕೇಳಿದಾಗ ಮಾತ್ರ ಹಳೆಯ ಅಭ್ಯಾಸಕ್ಕೆ ಫಸಲಿ ತಿಂಗಳು ಬಂತು. ಅದು ನಡೆಯುವುದಿಲ್ಲ ಅಪ್ಪಾ, ಅದಕ್ಕೆ ಸೊನ್ನೆ ಎಂದಿದ್ದೆ. "ಹಂಗೇನು?" ಎಂದು ನಮೂನೆಯನ್ನು ಕೈಗೆ ತೆಗೆದುಕೊಂಡು ಕೊನೆಯ ಸಾಲಿನವರೆಗೆ ಓದಿದ್ದರು. ಮೂವತ್ತು ವರ್ಷ ಸರಕಾರಿ ಕಾಗದ ಓದಿದವರು. ನಾನು ಎಷ್ಟು ಆಸಕ್ತಿ ಎಂದು ಹೆಮ್ಮೆಪಟ್ಟಿದ್ದೆ.

* * *

ಬೀದರದ ಚೌಬಾರಾ ಬುರುಜಿನ ಹಿಂದಿನ ಓಣಿಯಲ್ಲಿ ನಮ್ಮ ಮನೆ. ಅಪ್ಪ ಹೊರಸಿನ ಮೇಲೆ ಕೂತು ಪತ್ರಿಕೆ ಓದುತ್ತಿದ್ದರು. ಪಕ್ಕದಲ್ಲಿ ಚಹಾದ ಬಟ್ಟಲು, ತಳದಲ್ಲಿ ಪುಡಿ.

"ಬಂದ್ಯಾ? ಚಹಾ ಇಡು."

"ಕುಡದೀರಲ್ಲರಿ."

ಬಟ್ಟಲನ್ನು ನೋಡಿ ಪಕ್ಕಕ್ಕೆ ಸರಿಸಿದರು. "ಹೌದಲ್ಲ."

ನಿಂತೇ ಇದ್ದೆ. ಅಪ್ಪನ ಎದುರಿಗೆ ನಿಂತು ಪ್ರಶ್ನೆ ಕೇಳಿದ ನೆನಪು ನನಗಿಲ್ಲ. ಯಾದಿಯನ್ನು ಪತ್ರಿಕೆಯ ಮೇಲಿಟ್ಟೆ.

"ಎಂಟನೇ ಹೆಸರು ನೀವು ಬರದಿದ್ದೇನ್ರಿ?"

ಚಸ್ಮಾ ತೆಗೆದು ಒರೆಸಿದರು. 

"ಅಕ್ತರಬೀ ಕಡಿ ಹೋಗಿದ್ದೇನು?"

"ಹೋಗಿದ್ದೆ."

"ಮುದುಕಿ ಇನ್ನೂ ಬೈತದೇನು ನನಗ?"

"ನೀವು ಬಿಸಿಲಾಗ ನಿಂದ್ರಸಿದ್ರಿ ಅಂತ ಅಂತಾರ. ಟಾಂಗಾ ಮಾತೂ ಹೇಳಿದ್ರು."

ಅಪ್ಪ ಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿದರು. ಮಡಚುವುದು ಮುಗಿದ ಮೇಲೆ ಕೈಗೆ ಮಾಡಲು ಏನೂ ಉಳಿಯಲಿಲ್ಲ.

"ಕುತುಬ ನನಗ ಚೀಟಿ ಕಳಸಿದ್ದ. ಔರಾದದಾಗ ಇರಾಕ ಆಗೂದಿಲ್ಲ, ನಡುದಾರಿಗಿ ಬಾ ಅಂತ. ಹೋದೆ. ಬೀದರಿಗಿ ತರೂದು ಸರಿ ಅಲ್ಲ, ಭಾಲ್ಕಿ ಟೇಶನ್ನಿನಾಗ ರೈಲು ಹತ್ತಸೂಣು ಅಂತ ನಾನೇ ಅಂದೆ. ಬದಕಸಾಕ ಹೋಗಿದ್ದೆ, ತಂಗಿ. ಇದನ್ನ ಮೊದಲು ತಿಳ್ಕೊ."

"ತಿಳ್ಕೊಂಡೆ. ರೈಲು ಹತ್ತಿದ್ರೇನು?"

"ರೈಲೇ ಬರ್ಲಿಲ್ಲ. ಮಂದಿ ಬಂತು."

"ಎಷ್ಟು ಮಂದಿ?"

"ಲೆಕ್ಕ ಯಾರು ಮಾಡ್ತಾರ ಆಗ." ಅಪ್ಪ ಕಿಟಕಿಯ ಕಡೆ ನೋಡಿದರು. "ಅಂವ ಬೆಂಚಿನ ಮ್ಯಾಲ ಕೂತಿದ್ದ. ನೀ ನನ್ನ ಮಗ್ಗಲಾಗ ನಿಂದ್ರು, ನಿನ್ನ ನೋಡಿದ್ರ ಸುಮ್ಮನಾಗ್ತಾರ ಅಂದ. ನಿಂದ್ರಬಹುದಾಗಿತ್ತು. ನನ್ನ ಹಣಿ ಮ್ಯಾಲ ವಿಭೂತಿ ಇತ್ತು, ಕೊಳ್ಳಾಗ ಲಿಂಗ ಇತ್ತು. ನನ್ನ ಯಾರೂ ಮುಟ್ಟೂದಿಲ್ಲ ಅಂತ ಅವಗೂ ಗೊತ್ತಿತ್ತು, ನನಗೂ ಗೊತ್ತಿತ್ತು."

"ನೀವು?"

"ಟಾಂಗಾ ತಿರುಗಿಸಿದೆ."

ಓಣಿಯಲ್ಲಿ ಯಾರೋ ಕಲಾಯಿ ಹಾಕುವವನು ಕೂಗುತ್ತಾ ಹೋದ.

ನಾನು ಹೈದರಾಬಾದಿನ ಕಾಲೇಜಿಗೆ ಹೋದದ್ದು ಆ ಮಾಸ್ತರರಿಂದ. ಹುಡುಗಿಯನ್ನು ಕಳಿಸು ಮಲ್ಲಿಕಾರ್ಜುನ ಎಂದು ಇದೇ ಹೊರಸಿನ ಮೇಲೆ ಕೂತು ಹಟ ಹಿಡಿದಿದ್ದರು. ಈ ಬೇಸಿಗೆಯಲ್ಲಿ ಭಾಲ್ಕಿಯ ಹೊರಗಿನ ಹಾಳುಬಾವಿಯ ಹೂಳು ತೆಗೆದಾಗ ಸಿಕ್ಕದ್ದು ಕೆಲವು ಎಲುಬು, ಅವರ ಹೆಸರು ಕೊರೆದ ಚಸ್ಮಾದ ಡಬ್ಬಿ. ಸುದ್ದಿ ಬಂದ ದಿನ ನಾನು ಅತ್ತಿದ್ದೆ. ಅಪ್ಪ ನನ್ನ ತಲೆ ನೇವರಿಸಿದ್ದರು.

"ಬಂದವರು ಯಾರು? ಗೊತ್ತಿದ್ದವರೇನು?"

"ಇಬ್ಬರು ಗೊತ್ತು. ದಿನಾ ಸಂಜಿಮುಂದ ನನ್ನ ಜೊತಿ ಪಗಡಿ ಆಡ್ತಾರ."

"ಅಪ್ಪಾ."

"ನಾ ಒಬ್ಬನೇ ಹೇಳಿದ್ರ ಯಾರು ನಂಬ್ತಾರ? ಐದು ವರ್ಷ ಬಾಯಿ ಮುಚ್ಚಿಕೊಂಡಿದ್ದೆ ಯಾಕ ಅಂತ ಮೊದಲು ನನ್ನನ್ನೇ ಹಿಡೀತಾರ. ಬಸವಣ್ಣೆಪ್ಪಗ ಏನೂ ಆಗೂದಿಲ್ಲ. ಸಾಕ್ಷಿ ಇಲ್ಲಂತ ಬಿಡ್ತಾರ."

"ಅವನ ಕಡಿ ಇದ್ದ ಒಂದೇ ಸಾಕ್ಷಿ ಅಕ್ತರಬೀ. ಅದನ್ನ ನೀವು ತಗದ್ರಿ."

"ನಾ ಎಲ್ಲಿ ತಗದೆ? ಒಂದು ಹೆಸರು ಬರದೆ. ಉಳಿದದ್ದು ನೀ ಬರದಿ." ಅಪ್ಪನ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಕೆಟ್ಟದ್ದೆನಿಸಿತು. "ಮುದುಕಿ ಸರಿ ಅದಾಳ ಅಂತ ನಿನಗ ಅವತ್ತೇ ಗೊತ್ತಿತ್ತು. ಮನಿಗಿ ಬಂದು ಊಟಾ ಬಿಟ್ಟಿದ್ದಿ. ನಾ ನೋಡಿದ್ದೆ. ಆದ್ರ ನೀ ಬರೀತಿ ಅಂತ ನನಗ ಖಾತ್ರಿ ಇತ್ತು. ಕಾಗದದಾಗ ಏನದನೋ ಅದಕ್ಕ ನೀ ಎದುರು ಮಾತಾಡೂ ಹುಡುಗಿ ಅಲ್ಲ."

ಅದು ಸುಳ್ಳಾಗಿದ್ದರೆ ಅಲ್ಲ ಎನ್ನುತ್ತಿದ್ದೆ.

ಚೀಲದಿಂದ ಹೊಸ ಕಾಗದ ತೆಗೆದು ತೋರಿಸಿದೆ. ಕೈಗೆ ಕೊಡಲಿಲ್ಲ.

"ನಾಳೆ ಇದನ್ನ ಪೋಲೀಸ್ ಅಮೀನ ಸಾಹೇಬರಿಗಿ ಕೊಡ್ತೇನಿ. ಖಾಲಾ ಬರ್ತಾರ. ನಿಮ್ಮ ಹೆಸರು ಹೇಳ್ತಾರ. ಅದಕ್ಕಿಂತ ಮೊದಲು ನೀವೇ ಹೇಳಿದ್ರ ಚಲೋ."

ಅಪ್ಪ ನನ್ನ ಕೈಯಲ್ಲಿದ್ದ ಹಾಗೆಯೇ ಕಾಗದವನ್ನು ಕೊನೆಯ ಸಾಲಿನವರೆಗೆ ಓದಿದರು.

"ಬರ್ತೇನಿ," ಅಂದರು. "ಶೇರವಾನಿ ಇಸ್ತ್ರಿ ಮಾಡಿಸಿಡು." ಆಮೇಲೆ ಸ್ವಲ್ಪ ತಡೆದು, "ಚಹಾ ಇಡಲಿಲ್ಲೇನು ಇನ್ನೂ?"

ಮಾತು ತಪ್ಪಿಸುತ್ತಿದ್ದಾರೆ ಎಂದುಕೊಂಡೆ. ಇಟ್ಟೆ.

* * *

ಬೆಳಗ್ಗೆ ಹತ್ತಕ್ಕೆ ಕೋರ್ಟಿನ ವರಾಂಡದಲ್ಲಿ ಅಕ್ತರಬೀ ಕಂಬಕ್ಕೆ ಒರಗಿ ಕೂತಿದ್ದಳು, ತೊಡೆಯ ಮೇಲೆ ಅದೇ ಕೌದಿ. ಈರಮ್ಮ ಆಕೆಯ ಕಾಲ ಬಳಿ. ಸರಕಾರ ಬದಲಾಗಿ ಅಬ್ದುಲ ಅಜೀಜ ಸಾಹೇಬರ ಹುದ್ದೆಗೆ ಬೇರೆ ಹೆಸರು ಬಂದಿದ್ದರೂ ಜನರ ಬಾಯಲ್ಲಿ ಅವರು ಪೋಲೀಸ್ ಅಮೀನರೇ. ನನ್ನ ಕಾಗದವನ್ನು ಎರಡು ಸಲ ಓದಿದರು.

"ತಿಂಗಳದಾಗ ಎರಡರಿಂದ ಒಂಬತ್ತು. ಏನು ಔಷಧಿ ಕೊಟ್ರಿ, ಬಾಯಿ?"

"ನೀರು ಕೊಟ್ಟೆರಿ."

ಅವರ ಮೀಸೆ ಅಲುಗಿತು. "ಮೊದಲಿನ ಕಾಗದಾನೂ ನಿಮ್ಮದೇ. ಇದೂ ನಿಮ್ಮದೇ. ಯಾವುದು ಖರೆ?"

"ಮೊದಲಿಂದು ಸುಳ್ಳು. ಆಕೀ ಉಪಾಸ ಇದ್ದದ್ದು ಗೊತ್ತಿದ್ದೂ ನಾ ಬರದೆ. ತಪ್ಪು ನಂದು."

ಈರಮ್ಮ ತಲೆ ಎತ್ತಿ ನನ್ನನ್ನು ನೋಡಿದಳು. ನೋಡುತ್ತಲೇ ಇದ್ದಳು. ತನ್ನ ಗಂಟನ್ನು ನನ್ನ ಕಾಲ ಹತ್ತಿರದಿಂದ ಮೆಲ್ಲಗೆ ತನ್ನ ಕಡೆ ಎಳೆದುಕೊಂಡಳು.

"ಈ ಮುದುಕಿಗಿ ಸೂಜಿ ಕಾಣೂದಿಲ್ಲ," ಅಂದರು ಅಮೀನರು, "ಮನಷಾ ಹ್ಯಾಂಗ ಕಾಣ್ತಾನ?"

"ಅಮೀನ ಸಾಬ, ನಿಮ್ಮ ಸಿಪಾಯಿ ಆ ಗೇಟಿನ ಹತ್ರ ನಿಂತು ಬೀಡಿ ಸೇದಾಕ ಹತ್ಯಾನ," ಅಂದಳು ಅಕ್ತರಬೀ. "ನಿಮ್ಮನ್ನ ನೋಡಿ ಈಗ ಬೆನ್ನ ಹಿಂದ ಮುಚ್ಚಿಟ್ಟ. ಹೋಗಿ ಮೂಸಿ ನೋಡ್ರಿ."

ಸುತ್ತ ನಿಂತವರು ನಕ್ಕರು. ಅಮೀನರೂ ನಕ್ಕು ಅಕ್ತರಬೀಯ ಮುಂದೆ ಸ್ಟೂಲು ಎಳೆದು ಕೂತು ಬರೆಯಲು ಶುರು ಮಾಡಿದರು. ಟಾಂಗಾದಲ್ಲಿ ಬಂದವನ ಹೆಸರು ಹೇಳಿದಾಗ ಅವರ ಪೆನ್ನು ನಿಂತಿತು. ನನ್ನ ಕಡೆ ನೋಡಿದರು. ಅಕ್ತರಬೀಯೂ ಅವರ ನೋಟ ಹಿಡಿದು ನನ್ನ ಕಡೆ ತಿರುಗಿದಳು. ಆಕೆಗೆ ತಿಳಿಯಿತು. ಕೌದಿಯ ಅಂಚನ್ನು ಬೆರಳಿನಿಂದ ಒತ್ತುತ್ತಾ, "ಬೇಟಿ, ನಿನ್ನೆ ಹೇಳಬೇಕಿತ್ತು," ಅಂದಳು, ಅಷ್ಟೇ. "ಅಪ್ಪ ಬರ್ತಾರ್ರಿ, ಆ ಸೋಮವಾರದ್ದು ತಾವೇ ಹೇಳ್ತಾರ," ಎಂದು ಅಮೀನರಿಗೆ ಹೇಳಿದೆ.

ಅದೇ ಹೊತ್ತಿಗೆ ಅಪ್ಪ ಮೆಟ್ಟಿಲು ಹತ್ತಿ ಬಂದರು. ಕಪ್ಪು ಶೇರವಾನಿ, ಹಣೆಯ ಮೇಲೆ ವಿಭೂತಿ. ಅಮೀನರು ಹಳೆಯ ಪೇಶಕಾರರಿಗೆ ಎದ್ದು ನಿಂತರು. ನನಗೆ ಒಂದು ಕ್ಷಣ ಹೆಮ್ಮೆಯೇ ಆಯಿತು. ಬಂದರಲ್ಲ.

"ಕೂಡ್ರಿ, ಪೇಶಕಾರ ಸಾಬ. ಆ ಸೋಮವಾರದ್ದು ಹೇಳ್ತೀರಂತ ಬಾಯಿ ಅಂದ್ರು."

"ಹೇಳ್ತೇನಿ." ಅಪ್ಪ ಕೂತು ವರಾಂಡದ ಎರಡೂ ಕಡೆ ಕಣ್ಣಾಡಿಸಿದರು. "ಕುತುಬೋದ್ದೀನ ಇನ್ನೂ ಬಂದಿಲ್ಲೇನು?"

ಈರಮ್ಮ ಅಕ್ತರಬೀಯ ಮುಖ ನೋಡಿದಳು.

"ನಿನ್ನೆ ಚೌಬಾರಾ ಹತ್ರ ಭೆಟ್ಟಿ ಆಗಿದ್ದ. ಹತ್ತಕ್ಕ ಬರ್ತೇನಿ ಅಂದಾನ. ಅಂವ ಬರ್ಲಿ. ಅವನ ಮುಂದೇ ಹೇಳ್ತೇನಿ." ಅಕ್ತರಬೀಯ ಕಡೆ ತಿರುಗಿ ನಕ್ಕರು. "ಇವರು ಯಾರು? ಇವರ ಕಾಗದದ್ದು ಕೆಲಸ ಆತೇನು?"

ಅಮೀನರು ಪೆನ್ನಿಗೆ ಟೊಪ್ಪಿಗೆ ಹಾಕಿದರು. ನನ್ನನ್ನು ಕಂಬದ ಮರೆಗೆ ಕರೆದರು.

"ಬಾಯಿ, ನಾ ಪೋಲೀಸಿನಾಂವ. ಇದು ನಿಮ್ಮ ಕೆಲಸ. ಪೇಶಕಾರ ಸಾಬರ ಬುದ್ಧಿ ಸರಿ ಇದ್ರ, ಅವರು ಹೇಳೂ ಮಾತಿನ ಮ್ಯಾಲ ಬಸವಣ್ಣೆಪ್ಪ ಇವತ್ತೇ ಹೊರಗ ಬರ್ತಾನ, ಇವರು ಒಳಗ ಹೋಗ್ತಾರ. ಸರಿ ಇಲ್ಲಂದ್ರ ಇವರನ್ನ ಯಾರೂ ಏನೂ ಕೇಳೂದಿಲ್ಲ. ಮುದುಕಿ ಮಾತು ಒಂದೇ ಉಳೀತದ, ಅದನ್ನ ವಕೀಲರು ಹತ್ತು ನಿಮಿಷದಾಗ ಹರೀತಾರ. ಜಡ್ಜ್ ಸಾಹೇಬರು ಹನ್ನೊಂದಕ್ಕ ಕೂಡ್ತಾರ. ನೀವೇ ಪರೀಕ್ಷಾ ಮಾಡ್ರಿ, ನೀವೇ ಬರೀರಿ."

ಅವರು ನನ್ನ ಚೀಲದಿಂದ ಇಣುಕುತ್ತಿದ್ದ ಖಾಲಿ ನಮೂನೆಯೊಂದನ್ನು ಎಳೆದು ನನ್ನ ಕೈಗಿಟ್ಟರು.

ಏಪ್ರಿಲಿನಲ್ಲಿ ಹತ್ತಕ್ಕೆ ಹತ್ತು. ಎರಡು ತಿಂಗಳಲ್ಲಿ ಇಷ್ಟು ಇಳಿಯುವುದನ್ನು ನಾನು ಒಬ್ಬರಲ್ಲೂ ನೋಡಿಲ್ಲ. ಆದರೆ ಎರಡು ಸಲ ಕೇಳಿದ ಚಹಾ? ಇನ್ನೂರಾ ಹದಿನಾಲ್ಕು ಮನೆಯ ಮುದುಕರನ್ನು ಅಳೆದು ಬಂದವಳು ನನ್ನ ಮನೆಯಲ್ಲಿ ಏನು ನಡೆಯುತ್ತಿದೆ ಎಂದು ನೋಡಿಲ್ಲವೆ? ಅಥವಾ, ಆ ಕಾಗದ ಏನೇನು ಮಾಡಬಲ್ಲದು ಎಂದು ಈ ಊರಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ತಿಳಿದವರು ಅಪ್ಪನೇ ಅಲ್ಲವೆ?

ಅಪ್ಪನ ಎದುರಿಗೆ ಹೋಗಿ ನೆಲದ ಮೇಲೆ ಕೂತೆ. ನಮೂನೆಯ ಮೊದಲ ಸಾಲಿನಲ್ಲಿ ಅವರ ಹೆಸರು ಬರೆದೆ. ಅವರ ಕೈ ನನ್ನ ಕೈಯ ಮೇಲೆ ಬಂತು. ನಡುಗುತ್ತಿತ್ತು. ಆ ನಡುಕ ನಿಜವಾದದ್ದು.

ಮೂರು ಮಾರು ದೂರದಲ್ಲಿ ಈರಮ್ಮ ನನ್ನ ಪೆನ್ನನ್ನೇ ನೋಡುತ್ತಿದ್ದಳು.

ಅಪ್ಪ ಬಗ್ಗಿದರು. ನನ್ನ ಕಿವಿಗಷ್ಟೇ ಕೇಳುವಂತೆ, ಎಂದಿನ ಪೇಶಕಾರರ ಸ್ಪಷ್ಟ ದನಿಯಲ್ಲಿ ಹೇಳಿದರು:

"ಎರಡು ಹಾಕು, ತಂಗಿ. ಎರಡು ಸಾಕು."